ಕಿವಿಗೆ ಬಿದ್ದ ಗಳಿಗೆ

ಹದಿಮೂರನೆಯ ಬೈಗೆ ಮೀನಿನ ತಲೆ ಮುರಿದು ಕರುಳು ಎಳೆಯುತ್ತಿದ್ದಾಗ ಕಟ್ಟೆಯ ಮೇಲಿದ್ದ ಫೋನು ಗುಂಯ್‌ಗುಟ್ಟುತ್ತ ತಾನಾಗಿಯೇ ಅರ್ಧ ಸುತ್ತು ತಿರುಗಿತು. ಸುಗುಣ ಕೈ ನಿಲ್ಲಿಸಲಿಲ್ಲ. ಅಡುಗೆಮನೆಯ ಕಿಟಕಿ ಮುಚ್ಚಿತ್ತು, ಗಾಳಿ ಹೊರಗೆಳೆಯುವ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮೀನಿನ ವಾಸನೆಯ ಬಗ್ಗೆ ಮೇಲಿನ ಮನೆಯವರು ವಾಚ್‌ಮ್ಯಾನನ ಹತ್ತಿರ ಹೇಳಿ ಕಳಿಸಿದ ಮೇಲೆ ಮಸ್ಕತ್ತಿನ ಈ ಮನೆಯಲ್ಲಿ ಮೀನು ಕೊಯ್ಯುವುದು ಕದ್ದು ಮಾಡುವ ಕೆಲಸದ ಹಾಗೆ ಆಗಿಬಿಟ್ಟಿತ್ತು. ತನ್ನೂರು ಕೋಡಿಯಲ್ಲಾದರೆ ಹಿತ್ತಲ ಬಾಗಿಲಿನಲ್ಲಿ ಕಾಲು ಚಾಚಿ ಕೂತು, ತಲೆ ಕರುಳನ್ನು ಬೆಕ್ಕಿನ ಬಾಯಿಗೇ ಎಸೆಯುತ್ತಿದ್ದಳು. ಇಲ್ಲಿ ಅದನ್ನೆಲ್ಲ ಪೇಪರಿನಲ್ಲಿ ಸುತ್ತಿ, ಎರಡು ಚೀಲದೊಳಗೆ ಕಟ್ಟಿ, ಲಿಫ್ಟಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೆಳಗಿನ ತೊಟ್ಟಿಗೆ ಹಾಕಿ ಬರಬೇಕು. ಫೋನಿನ ಮೇಲೆ ವೆಂಕಟನ ಹೆಸರಿತ್ತು. ಅವಳ ತಮ್ಮ. ಕೈ ಮೀನು ಎಂದು ತನಗೆ ತಾನೇ ಹೇಳಿಕೊಂಡಳು. ಹನ್ನೊಂದು ತಿಂಗಳಲ್ಲಿ ಈ ಊರು ಅವಳಿಗೆ ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಇದೇ: ಕೈ ಮೀನು, ಕೈ ಎಣ್ಣೆ, ಮಗು ಮಲಗಿದೆ, ನೆಟ್ವರ್ಕು ಇಲ್ಲ.

ಫೋನು ಸುಮ್ಮನಾಯಿತು. ಸುಮ್ಮನಾದ ಮೇಲೆ ಅದನ್ನು ನೋಡದೆ ಇರುವುದು ಹೊಡೆದುಕೊಳ್ಳುವಾಗ ಎತ್ತದೆ ಇರುವುದಕ್ಕಿಂತ ಕಷ್ಟವಾಗಿತ್ತು. ಇಲ್ಲಿಗೆ ಬಂದ ಹೊಸತರಲ್ಲಿ, ಆ ದಿನ, ಕೈಯಲ್ಲಿ ಎಣ್ಣೆಯಿತ್ತು, ಆದರೂ ಎತ್ತಿದ್ದಳು. ಈ ಮನೆಯೊಡತಿ ದೀಕ್ಷಿತಾ ಹೆತ್ತು ಹನ್ನೆರಡನೆಯ ದಿನ, ಬೆಳಿಗ್ಗೆ, ಬಚ್ಚಲಿನ ನೆಲದ ಮೇಲೆ ಮಣೆ ಹಾಕಿ ಕಾಲು ನೀಡಿ ಕೂತು, ಎರಡು ಕಾಲಿನ ನಡುವಿನ ತಗ್ಗಿನಲ್ಲಿ ಮಗುವನ್ನು ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ದೀಕ್ಷಿತಾಳ ತಾಯಿಮನೆ ಬ್ರಹ್ಮಾವರ. ಅವಳ ಅಮ್ಮನ ಮಂಡಿ ಕೈಕೊಟ್ಟು ವಿಮಾನ ಹತ್ತುವ ಹಾಗಿಲ್ಲವೆಂದಾದಾಗ, ಕುಂದಾಪುರದ ಆಸುಪಾಸಿನಲ್ಲಿ ನಲವತ್ತು ಬಾಣಂತಿಯರನ್ನಾದರೂ ಮೀಯಿಸಿ ಎಬ್ಬಿಸಿದ ಸುಗುಣಳನ್ನು ಹುಡುಕಿ ಮೂರು ತಿಂಗಳ ಬಾಣಂತನಕ್ಕೆಂದು ಇಲ್ಲಿಗೆ ಕಳಿಸಿದ್ದರು. ಗಂಡ ಬೊಂಬಾಯಿಯಲ್ಲಿರುವಾಗಲೇ ತೀರಿಕೊಂಡ ಮೇಲೆ ಸುಗುಣ ತಾಯಿಯ ಜೊತೆ ತಮ್ಮನ ಮನೆಯಲ್ಲಿದ್ದವಳು, ಕರೆದವರ ಮನೆಗೆ ಹೋಗುವವಳು. ಕರೆದವರು ಕಡಲಿನಾಚೆ ಇದ್ದರು ಅಷ್ಟೇ. ಅವತ್ತು ಸಂಜೆ ತೊಟ್ಟಿಲು ಹಾಕುವ ಶಾಸ್ತ್ರ. ಕೋಣೆಯಲ್ಲಿ ಬಲೂನು ಊದುತ್ತಿದ್ದರು. ಬಕೆಟಿನ ಪಕ್ಕ ಇಟ್ಟಿದ್ದ ಫೋನನ್ನು ಕಿರುಬೆರಳಿನಲ್ಲಿ ಒತ್ತಿದ್ದಳು.

"ಸುಗುಣತ್ತೆ, ಕೇಂತಿತ್ತಾ? ನಾನ್ ಪೂಜಿತಾ. ಅಜ್ಜಿ ಹೋದ್ರ್ ಅತ್ತೆ. ಬೆಳಿಗ್ಗೆ ಐದ್ ಗಂಟಿಗೆ. ನಿಮ್ಗೆ ಹೇಳುಕ್ ಹೇಳಿರ್ ಮಾವ. ಕೇಂತಾ?"

ಪೂಜಿತಾ ವೆಂಕಟನ ಸೊಸೆ, ರತೀಶನ ಹೆಂಡತಿ, ಅಮಾಸೆಬೈಲಿನಿಂದ ಬಂದು ಎರಡು ತಿಂಗಳಾಗಿತ್ತು. ಮೀನು ಹೆಚ್ಚಲು ಬಾರದು, ಗಾಳಿ ಬೀಸಿದರೆ ಕಡಲು ಮನೆಯೊಳಗೇ ಬಂತೆಂದು ಹೆದರುತ್ತಾಳೆ ಎಂದು ಮನೆಯವರು ನಗಾಡುತ್ತಿದ್ದರು.

"ಹ್ಞಾಂ," ಎಂದಿದ್ದಳು ಸುಗುಣ. ಅಂದವಳೇ ಕೆಂಪು ಗುರುತು ಒತ್ತಿದ್ದಳು. ಗಾಜಿನ ಮೇಲೆ ಎಣ್ಣೆಯ ಬೆರಳಚ್ಚು ಉಳಿಯಿತು.

ಬಾಗಿಲಾಚೆ ದೀಕ್ಷಿತಾಳ ಗಂಡ ಮನೀಶ್ ನಗುತ್ತಿದ್ದ. ಮಗು ಕಾಲಿನ ನಡುವೆ ಮುಲುಗಿತು. ಅವಳ ಕೈ ತಾನಾಗಿಯೇ ಬೆನ್ನಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ತಲೆಗೆ ಹೋಯಿತು. ಅಳಿಯಕಟ್ಟಿನ ಮನೆ ಅವರದು, ತಾಯಿಯ ಬಳಿಯೇ, ಎಂದರೆ ಕುಲವೇ, ಮಗಳ ಬಳಿ. ಮದುವೆಯಾಗಿ ಹೋದರೂ ತಾಯಿ ಸತ್ತ ಸೂತಕ ಮಗಳನ್ನು ಬಿಡುವುದಿಲ್ಲ. ಸುದ್ದಿ ಕೇಳಿದವಳು ಇದ್ದ ಹಾಗೆಯೇ ಎದ್ದು ತಲೆಗೆ ತಣ್ಣೀರು ಸುರಿದುಕೊಳ್ಳಬೇಕು, ಹಸುಗೂಸು ಮುಟ್ಟಬಾರದು, ದೀಪ ಹಚ್ಚಬಾರದು, ತೊಟ್ಟಿಲ ಹಗ್ಗ ಹಿಡಿಯಬಾರದು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟ ತಾಯಿ, ಅವಳ ಅಬ್ಬಿ, ಈಗ ಕೋಡಿಯ ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಬಚ್ಚ ಮಾವ ಬೊಂಬಾಯಿಯಲ್ಲಿ ಸತ್ತ ಸುದ್ದಿ ಹತ್ತನೆಯ ದಿನಕ್ಕೆ ಬಂದಾಗ ಹುಡುಗಿ ಸುಗುಣ ಹೆದರಿದ್ದಳು, ನಿನ್ನೆ ತಾನೇ ಮಲ್ಲಿಗೆ ಮುಡಿದಿದ್ದೆನಲ್ಲ ಎಂದು. ಅಬ್ಬಿ ಒದ್ದೆ ತಲೆ ಹಿಂಡುತ್ತ, "ಕೆಮಿಗ್ ಬಿದ್ ಗಳ್ಗಿಯಿಂದ ಸೂತ್ಕ ಹೆಣೆ. ಅದಕ್ ಮುಂಚಿಂದಕ್ಕೆ ದೋಷ ಇಲ್ಲೆ," ಎಂದಿದ್ದಳು. ತಾಯಿಯ ಆ ಮಾತನ್ನೇ ಸುಗುಣ ಬಚ್ಚಲಿನ ನೆಲದಲ್ಲಿ ಕೂತು ತಾಯಿಯ ಸಾವಿಗೆ ಅಡ್ಡ ಹಿಡಿದಳು. ಕಿವಿಗೆ ಬಿದ್ದರೆ ತಾನೆ? ಬೀಳಲಿಲ್ಲ. ಸಂಜೆಯ ತನಕ ಬೀಳುವುದು ಬೇಡ. ನಾಳೆ ಬೆಳಿಗ್ಗೆ ಬೀಳಲಿ. ಬಂದು ಒಂದು ತಿಂಗಳೂ ಆಗಿಲ್ಲ, ಶಾಸ್ತ್ರದ ದಿನ ಸೂತಕ ಹೊತ್ತು ಮೂಲೆಯಲ್ಲಿ ಕೂತರೆ ಇವರು ಏನೆಂದಾರು, ಬಾಣಂತಿಯನ್ನು ಯಾರು ನೋಡಿಯಾರು, ಇಷ್ಟು ದೂರದ ಟಿಕೆಟು ಹಾಕಿ ಕರೆಸಿದ್ದಾರೆ. ಹೀಗೆಲ್ಲ ಯೋಚಿಸಿದ್ದು ಆಮೇಲೆ. ಆ ಗಳಿಗೆಯಲ್ಲಿ ಯೋಚಿಸಿದ್ದು ಎನ್ನುವುದು ಏನೂ ಇರಲಿಲ್ಲ. ಕೈ ನೀರು ತೋಡಿತು, ಮಗುವಿನ ಹಣೆಗೆ ಅಂಗೈ ಅಡ್ಡ ಹಿಡಿದು ತಲೆಗೆ ಬಿಸಿನೀರು ಹೊಯ್ಯಿತು. ಕೈ ಒರೆಸಿಕೊಂಡು ಫೋನನ್ನು ಪೂರ್ತಿ ಆರಿಸಿ, ಬಟ್ಟೆಯ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಳು.

ಸಂಜೆ ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಹಿರಿಯ ಹೆಂಗಸು ಬೇಕಾಯಿತು. ದೀಕ್ಷಿತಾಳ ಅಮ್ಮ ಬ್ರಹ್ಮಾವರದಿಂದ ಫೋನಿನ ಪರದೆಯೊಳಗೇ ಕಣ್ಣೊರೆಸಿಕೊಳ್ಳುತ್ತ, "ಸುಗುಣನೇ ಹೇಳ್ಲಿ, ಅವ್ಳ್ ಕೈಗುಣ ಒಳ್ಳೇದ್," ಎಂದರು. ಸುಗುಣ ಬಗ್ಗಿ ಆ ಪುಟ್ಟ ಕಿವಿಗೆ ಬಾಯಿ ತಾಗಿಸಿ ಅಕ್ಷಯಾ, ಅಕ್ಷಯಾ, ಅಕ್ಷಯಾ ಎಂದು ಮೂರು ಸಲ ಹೇಳಿದಳು. ತೊಟ್ಟಿಲು ತೂಗಿ ಹಾಡಿದಳು. ಕಂಠ ಒಡೆಯಲಿಲ್ಲ, ಅದೇ ಅವಳಿಗೆ ಇವತ್ತಿಗೂ ಆಶ್ಚರ್ಯ. ಅದೇ ಹೊತ್ತಿಗೆ ಕೋಡಿಯಲ್ಲಿ ವೆಂಕಟ ಹೆಣ ಎತ್ತಲು ಬಿಡದೆ ನಿಂತಿದ್ದ. ಅಕ್ಕ ಒಂದು ಸಲ ಫೋನಿನಲ್ಲಾದರೂ ಮುಖ ಕಾಣಲಿ ಎಂದು ರತೀಶ ಗಳಿಗೆಗೊಮ್ಮೆ ಅವಳ ನಂಬರು ಒತ್ತುತ್ತಿದ್ದನಂತೆ, ಊರಿನವರು ಹೊತ್ತು ಕಂತುತ್ತದೆ ಎಂದು ಗೊಣಗುತ್ತಿದ್ದರಂತೆ. ಮನೀಶನ ನಂಬರಾಗಲಿ ಬ್ರಹ್ಮಾವರದವರ ನಂಬರಾಗಲಿ ಅವರ ಹತ್ತಿರ ಇರಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಕಾದರು. ಆ ಹೊತ್ತಿಗೆ ಸರಿಯಾಗಿ ಸುಗುಣ ಇಲ್ಲಿ ತೊಟ್ಟಿಲ ಕೆಳಗೆ ದೀಪ ಹಚ್ಚುತ್ತಿದ್ದಳು.

ಮೀನು ಮುಗಿದಿತ್ತು. ಉಪ್ಪು ಹುಳಿ ಹಾಕಿ ಮೂರು ನೀರಿನಲ್ಲಿ ತೊಳೆದು ಮುಚ್ಚಿಟ್ಟಳು. ಫೋನಿನ ಮೇಲೆ ಧ್ವನಿ ಸಂದೇಶ ಬಂದ ಗುರುತು ಮೂಡಿತ್ತು, ವೆಂಕಟನಿಂದ. ಅವನು ಹಾಗೆಲ್ಲ ಧ್ವನಿ ಕಳಿಸುವವನಲ್ಲ. ಕೇಳುವ ಮುಂಚೆ ಕಸ ಹಾಕಿ ಬರುತ್ತೇನೆಂದು ಚೀಲ ಹಿಡಿದು ಹೊರಟಳು. ಲಿಫ್ಟಿನ ಕನ್ನಡಿಯಲ್ಲಿ ನೈಟಿಯ ಮೇಲೆ ಶಾಲು ಹೊದ್ದ ಹೆಂಗಸೊಬ್ಬಳು ಚೀಲವನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು. ಮೊದಲ ವಾರ ಈ ಲಿಫ್ಟಿನಲ್ಲಿ ಗುಂಡಿ ಒತ್ತಲು ಗೊತ್ತಾಗದೆ ಒಳಗೇ ನಿಂತಿದ್ದಳು. ಯಾರೋ ಕರೆದಾಗ ಅದೇ ತಾನಾಗಿ ಮೇಲೆ ಹೋಗಿ ಕೆಳಗೆ ಬಂದಿತ್ತು. ಹೊರಗಿನಿಂದ ಬಂದವರಿಗೆ ಎಲ್ಲ ಮನೆಯೂ ಹೀಗೆಯೇ, ಯಾವುದನ್ನು ಒತ್ತಿದರೆ ಏನಾಗುತ್ತದೆಂದು ಗೊತ್ತಿರುವುದಿಲ್ಲ. ಪೂಜಿತಾಳಿಗೂ ಗೊತ್ತಿರಲಿಲ್ಲ. ಫೋನು ಮಾಡು ಎಂದರು, ಮಾಡಿದಳು. ಎತ್ತಿದರಾ ಎಂದು ಕೇಳಿದರು, ಹೌದು ಎಂದಳು.

ನಾಳೆ ಬೆಳಿಗ್ಗೆ ಎಂದುಕೊಂಡದ್ದು ನಾಡಿದ್ದಾಯಿತು. ನಾಡಿದ್ದು ಮನೀಶನ ಆಫೀಸಿನವರು ಮಗು ನೋಡಲು ಬಂದರು. ಐದನೆಯ ದಿನ ಪೆಟ್ಟಿಗೆಯಿಂದ ಫೋನು ತೆಗೆದು ಹಚ್ಚಿದಳೋ ಇಲ್ಲವೋ, ವೆಂಕಟ.

"ಅಕ್ಕಾ, ಎಲ್ಲಿದ್ದೆ ಮಾರಾಯ್ತಿ? ಅಬ್ಬಿ ಹೋಯ್ ಐದ್ ದಿನ ಆಯ್ತಲೇ!"

"ಅಯ್ಯೋ, ನಂಗ್ ಯಾರೂ ಹೇಳ್ಲೇ ಇಲ್ಯಲೋ!" ಎಂದು ಕಿರುಚಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಅಳು ನಿಜ. ಐದು ದಿನ ಕಟ್ಟಿಟ್ಟ ಅಳು, ಎದೆ ಸೀಳಿಕೊಂಡು ಬಂದದ್ದು. ಅದರ ಮುಂದೆ ಇದ್ದ ಆ ಒಂದು ಮಾತು ಮಾತ್ರ ಸುಳ್ಳು. ಅಷ್ಟು ನಿಜವಾದ ಅಳುವಿನ ಜೊತೆ ಬಂದ ಮಾತನ್ನು ಯಾರು ತಾನೆ ಅನುಮಾನಿಸುತ್ತಾರೆ?

"ಪೂಜಿತಾ ಮಾಡಿದ್ಲಂಬ್ರಲೆ? ನೀನ್ ಎತ್ತಿ ಹ್ಞಾಂ ಅಂದ್ಯಂಬ್ರ್?"

"ಇಲ್ಲ ಮಾರಾಯಾ. ಫೋನೇ ಹಾಳಾಯ್ ಕೂತಿತ್ತ್."

ಆ ಕಡೆ ಫೋನು ಎಲ್ಲರೂ ಕೇಳುವ ಹಾಗೆ ಇಟ್ಟಿದ್ದರು. ಕೇಳಿದವರೆಲ್ಲ ಒಮ್ಮೆ ಸುಮ್ಮನಾದದ್ದು ಸುಗುಣಳ ಕಿವಿಗೂ ಬಿತ್ತು. ಆ ಮೌನ ಯಾರ ಕಡೆ ತಿರುಗಿತೆಂದು ಅವಳಿಗೆ ಅಲ್ಲಿಂದಲೇ ಕಂಡಿತು.

ಸೂತಕದ ಉಳಿದ ದಿನಗಳಲ್ಲಿ ದೀಕ್ಷಿತಾ, ಹಸಿ ಬಾಣಂತಿ, ತಾನೇ ಎದ್ದು ಅವಳಿಗೆ ಚಾ ಮಾಡಿಕೊಟ್ಟಳು. "ಪಾಪ ಸುಗುಣಕ್ಕ, ಶಾಸ್ತ್ರದ್ ದಿನ ಎಷ್ಟ್ ಚೆಂದ ಹಾಡ್ ಹೇಳಿರ್ ನೀವ್. ಆಗಳಿಕೆ ಊರಂಗ್ ಹೀಂಗಾಯ್ತ್ ಅಂದೇಳಿ ನಿಮ್ಗೆ ಗೊತ್ತೇ ಇಲ್ಲೆ," ಎಂದು ಅವಳ ಕೈ ಹಿಡಿದು ಅತ್ತಳು. ಸುಗುಣ ಕೈ ಬಿಡಿಸಿಕೊಳ್ಳಲಿಲ್ಲ. ತಿಂಗಳಾಗುವ ಮುಂಚೆ ಮಗುವಿಗೆ ಜ್ವರ ಬಂದಾಗ ಎರಡು ರಾತ್ರಿ ಕೋಣೆಯ ಬಾಗಿಲಲ್ಲಿ ನಿಂತೇ ಇದ್ದಳು, ಒಳಗೆ ಹೋಗಿ ಹೇಳಿಬಿಡಲೇ ಎಂದು. ಜ್ವರ ಇಳಿಯಿತು, ಹೇಳುವುದೂ ಇಳಿಯಿತು. ಮೂರು ತಿಂಗಳು ಕಳೆದು, ಇನ್ನು ಊರಿಗೆ ಹೋಗುತ್ತೀರಾ ಎಂದು ಅವರು ಕೇಳಿದಾಗ ಮಗು ನೋಡಿಕೊಂಡು ಇರುತ್ತೇನೆ ಎಂದವಳು ಅವಳೇ. ಯಾಕೆ ಬರಲಿಲ್ಲವೆಂದು ಊರಿನವರು ಕೇಳಿದರೆ ಫೋನಿನಲ್ಲಿ ಮಗುವನ್ನು ತೋರಿಸುತ್ತಿದ್ದಳು, ಈ ಮಗುವನ್ನು ಬಿಟ್ಟು ಹೇಗೆ ಬರಲಿ ಎನ್ನುವ ಹಾಗೆ. ಮೀನಿನ ಮಾರುಕಟ್ಟೆಗೆ ಹೋಗಿ ಬರುವುದು ಕಲಿತಳು. ಬೆಳಿಗ್ಗೆ ಸಿಗುವ ಇಲ್ಲಿನ ಮುದುಕಿಯೊಬ್ಬಳಿಗೆ ಸಲಾಂ ಹೇಳುವುದು ಕಲಿತಳು. ಈ ಊರಿಗೆ ಒಗ್ಗಿಕೊಂಡೆಯಲ್ಲ ಎಂದು ಎಲ್ಲರೂ ಹೊಗಳಿದರು. ಒಗ್ಗಿಕೊಂಡದ್ದಲ್ಲ, ಅಡಗಿಕೊಂಡದ್ದು ಎಂದು ಯಾರಿಗೆ ಹೇಳುವುದು.

ವಾರಕ್ಕೊಮ್ಮೆ ವೆಂಕಟನ ಹೆಂಡತಿ ಸುದ್ದಿ ಕೊಡುತ್ತಿದ್ದಳು, ಅತ್ತಿಗೆಗೆ ಸಂತೋಷವಾಗಲಿ ಎಂದೇ. "ಇವ್ಳ್ ಹಾಲ್ ಉಕ್ಕಿತ್ ಅಂದ್ರೆ ನಾನ್ ಹೋಯ್ ಕಂಡೇ ನಂಬುದ್ ಅತ್ಗಿ. ನಿಮ್ಗ್ ಅಬ್ಬಿ ಮುಖ ತಪ್ಪ್ಸಿದವ್ಳ್ ಅಲ್ದಾ." ರತೀಶ ಮೊದಮೊದಲು ಹೆಂಡತಿಯ ಪರ ಮಾತಾಡಿದನಂತೆ, ಆಮೇಲೆ ಬಿಟ್ಟನಂತೆ. ದೇವರ ದೀಪಕ್ಕೆ ಎಣ್ಣೆ ಹಾಕಲು ಅವಳನ್ನು ಬಿಡುವುದಿಲ್ಲವಂತೆ. ಅತ್ತೆ ಬೈದರೆ ಹುಡುಗಿ ಎದುರು ಮಾತಾಡುತ್ತಿದ್ದವಳು ಈಗ ಏನೂ ಅನ್ನುವುದಿಲ್ಲವಂತೆ. ಸುಗುಣ, "ಹೋಯ್ಲಿ ಬಿಡ್, ಸಣ್ಣ ಹೆಣ್," ಎನ್ನುತ್ತಿದ್ದಳು. ಅದು ಅವಳ ದೊಡ್ಡ ಗುಣ ಎಂದು ಕೋಡಿಯಲ್ಲಿ ಮಾತಾಯಿತು.

ಹೇಳಿಬಿಡೋಣವೆಂದು ಎರಡು ಸಲ ಫೋನು ಮಾಡಿದ್ದಳು. ಎರಡು ಸಲವೂ ಬಾಯಿ ತೆರೆಯುವ ಮುಂಚೆ ಅಳು ಬಂತು. ಅಳು ಬಂದದ್ದೇ ತಡ ವೆಂಕಟ, "ಮರ್ಕಬೇಡ ಅಕ್ಕ, ಆದದ್ ಆಯ್ತ್," ಎಂದ, ಆ ಸಮಾಧಾನದ ಕೆಳಗೆ ಮಾತು ಮುಳುಗಿಹೋಯಿತು. ಅಳುತ್ತಲೇ ಸುಳ್ಳನ್ನು ಗೆಲ್ಲಿಸಿದವಳು ತಾನು, ಅಳುತ್ತಾ ನಿಜ ಹೇಳಲು ಆಗುವುದಿಲ್ಲ ಎಂದು ಆಗ ಗೊತ್ತಾಯಿತು. ಕಾಗದವಾದರೆ ಅಳುವುದಿಲ್ಲ. ನಲವತ್ತು ದಾಟಿದ ಮೇಲೆ ಸಂಜೆಯ ಅಕ್ಷರ ತರಗತಿಯಲ್ಲಿ ಕಲಿತ ಬರಹ, ಒತ್ತಕ್ಷರ ಬಂದಲ್ಲಿ ಪೆನ್ನು ನಿಲ್ಲುತ್ತಿತ್ತು. ನಾಲ್ಕು ದಿನ ಕೂತು ತಮ್ಮನಿಗೆ ಒಂದು ಪುಟ ಬರೆದಳು. ಕೆಳಗಿನ ಮಹಡಿಯ ನಿಖಿತಾ ಬೇಸಿಗೆ ರಜೆಗೆ ಬೈಂದೂರಿಗೆ ಹೊರಟಾಗ ಅವಳ ಕೈಗೆ ಕೊಟ್ಟಳು, ಕುಂದಾಪುರದಲ್ಲಿ ಇಳಿದು ಕೊಡು ಎಂದು. ಕೊಟ್ಟು ಮೇಲೆ ಬಂದು ಮಗುವಿಗೆ ಗಂಜಿ ತಿನ್ನಿಸುತ್ತಿದ್ದವಳು ಏನೋ ಆದವಳಂತೆ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಇಳಿದು ಓಡಿದಳು. ಟ್ಯಾಕ್ಸಿಯ ಬಾಗಿಲು ಹಿಡಿದು, "ಒಂದ್ ವಿಷ್ಯ ಬರುಕೆ ಬಿಟ್ ಹೋಯಿತ್ತ್, ಕೊಡ್ ಕಾಂಬ," ಎಂದಳು. "ಎಂತ ಸುಗುಣಕ್ಕ, ಲವ್ ಲೆಟರಾ?" ಎಂದು ನಿಖಿತಾ ನಕ್ಕಳು. ಟ್ಯಾಕ್ಸಿಯವನೂ ಅರ್ಥವಾಗದೆ ನಕ್ಕ. ಆ ಲಕೋಟೆ ಪೆಟ್ಟಿಗೆಯ ಅಡಿಯಲ್ಲಿ, ಫೋನು ಮಲಗಿದ್ದ ಜಾಗದಲ್ಲೇ ಇತ್ತು.

ಮೀನಿನ ಕಸ ಹಾಕಿ ಮೇಲೆ ಬಂದು ಕೈ ತೊಳೆದಳು. ಮಗು ನಿದ್ದೆಯಲ್ಲಿತ್ತು. ದೀಕ್ಷಿತಾ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಆಫೀಸಿನ ಮಾತಿನಲ್ಲಿದ್ದಳು. ಸುಗುಣ ಬಾಲ್ಕನಿಗೆ ಹೋಗಿ, ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತು ಫೋನನ್ನು ಕಿವಿಗೆ ಹಿಡಿದಳು. ವೆಂಕಟನ ದನಿಯಲ್ಲ.

"ಅತ್ತೆ, ನಾನ್ ಪೂಜಿತಾ. ಮಾವನ್ ಫೋನಂಗ್ ಮಾತಾಡ್ತಿದ್ದೆ. ನನ್ ನಂಬ್ರ್ ಕಂಡ್ರೆ ನೀವ್ ಎತ್ತುದಿಲ್ಲ ಅಂದೇಳಿ. ಬೈಬೇಡಿ. ಬಪ್ಪ ತಿಂಗ್ಳ್ ಅಜ್ಜಿ ವರ್ಷಾಂತ ಅಲ್ದಾ? ಅದಕ್ ಮುಂಚೆ ಹಾಯ್ಗುಳಿ ಎದ್ರ್ ತಪ್ಪುಕಾಣ್ಕಿ ಹಾಕ್ ಅಂದ್ರ್. ಮೊದ್ಲ್ ಒಪ್ಲಿಲ್ಲ ನಾನ್. ಈಗ ಹಾಕ್ತೆ ಅಂದೆ." ಹಿಂದೆ ಎಲ್ಲೋ ಕೋಳಿ ಕೂಗಿತು. "ನಂಗೇ ಈಗ ಗೊತ್ತಾತಿಲ್ಲ ಅತ್ತೆ. ಆ ದಿನ ಮನಿ ತುಂಬ ಮರ್ಕುವ ಶಬ್ದ. ನೀವ್ ಹ್ಞಾಂ ಅಂದದ್ ಕೇಂಡಿತ್ ಅಂದೇಳಿ ಇಷ್ಟ್ ದಿನ ಹೇಳ್ತಾ ಬಂದೆ. ಹೇಳಿ ಹೇಳಿ ಈಗ ನಂಗೇ ಸಂಶಯ. ಯಾರಿಗೋ ಬೇರೆಯವ್ರಿಗ್ ಹೋಯಿತ್ತೋ ಏನೋ. ನೀವ್ ಸುಳ್ಳ್ ಹೇಳುವವ್ರಲ್ಲ. ನನ್ ಕೆಮಿಯೇ ಸಮ ಇಲ್ಲೆ ಕಾಣತ್ತ್. ಸಿಟ್ಟ್ ಮಾಡ್ಕಣ್ಬೇಡಿ ಅತ್ತೆ. ಇಡ್ತೆ."

ಸುಗುಣ ಹಗ್ಗದ ಮೇಲಿನ ಒದ್ದೆ ಟವೆಲನ್ನು ಹಿಡಿದುಕೊಂಡಳು. ಕೆಳಗೆ ರಸ್ತೆಯಲ್ಲಿ ಕಾರುಗಳು ಸಾಲಾಗಿ ಹೋಗುತ್ತಿದ್ದವು. ಇಷ್ಟು ತಿಂಗಳು ಆ ಹುಡುಗಿಯ ಮರ್ಯಾದೆ ತೆಗೆದೆ ಎಂದುಕೊಂಡಿದ್ದಳು; ಮರ್ಯಾದೆ ಹೋದರೂ ತನಗೆ ತಾನು ಸತ್ಯವಾಗಿ ಉಳಿದಿದ್ದಾಳೆ ಎಂಬ ಒಂದು ಸಣ್ಣ ಸಮಾಧಾನ ಎಲ್ಲೋ ಇತ್ತು. ಈಗ ಅದೂ ಇಲ್ಲ. ಕೇಳಿದವಳು ಕೇಳಲಿಲ್ಲ ಎಂದುಕೊಂಡಳು, ಹೇಳಿದವಳು ಹೇಳಲಿಲ್ಲವೇನೋ ಎಂದುಕೊಳ್ಳುತ್ತಿದ್ದಾಳೆ. ಹಾಯ್ಗುಳಿ ದೈವದ ಕಲ್ಲಿನೆದುರು ನಿಂತು ಮಾಡದ ತಪ್ಪನ್ನು ಒಪ್ಪಿಕೊಂಡು ಬಂದರೆ ಆಮೇಲೆ ಆ ಹುಡುಗಿ ತನ್ನ ಕಣ್ಣು ಕಂಡದ್ದನ್ನೂ ನಂಬಲಾರಳು.

ಅಳು ಬರಲಿಲ್ಲ. ಬಂದೀತೇನೋ ಎಂದು ಅವಳೂ ಕಾದು ನೋಡಿದಳು.

ಪೆಟ್ಟಿಗೆಯಿಂದ ಹಳೆಯ ಲಕೋಟೆ ತೆಗೆದು ಓದಿದಳು. 'ತಮ್ಮ ವೆಂಕಟನಿಗೆ. ಆ ದಿನ ಫೋನು ಬಂದಿರಲೂ ಸಾಕು. ಮಗುವಿನ ಅಳುವಿನಲ್ಲಿ ನನಗೆ ಸರಿಯಾಗಿ ತಿಳಿಯದೆ ಹೋಗಿರಬಹುದು. ಪೂಜಿತಾಳನ್ನು ಹೆಚ್ಚು ಅನ್ನಬೇಡಿ.' ನಾಲ್ಕು ದಿನ ಕೂತು ಬರೆದದ್ದು ಇದು. ಓದುತ್ತ ಅವಳ ಕಿವಿ ಬಿಸಿಯಾಯಿತು. ಇದನ್ನು ಟ್ಯಾಕ್ಸಿಯಿಂದ ಕಿತ್ತು ತರದೆ ಕಳಿಸಿದ್ದರೂ ಏನೂ ಆಗುತ್ತಿರಲಿಲ್ಲ. ತಮ್ಮ ಓದಿ, ಅಕ್ಕನ ದೊಡ್ಡ ಗುಣವೆಂದು ಇನ್ನಷ್ಟು ಮೆಚ್ಚುತ್ತಿದ್ದ. ಹರಿದಳು. ಮನೀಶನ ಮೇಜಿನಿಂದ ಒಂದು ಬಿಳಿ ಹಾಳೆ ತಂದು ಅಡುಗೆಕಟ್ಟೆಯ ಮೇಲಿಟ್ಟು ನಿಂತೇ ಬರೆದಳು. ವೆಂಕಟನಿಗೆಂದು ಶುರು ಮಾಡಲು ಹೋಗಿ ಪೆನ್ನು ಎತ್ತಿದಳು. ಅವನು ಓದಿ, ಅಕ್ಕನ ಮಾನ ಹೋದೀತೆಂದು ಮಡಚಿ ಒಳಗಿಟ್ಟಾನು. ಅಷ್ಟು ಪ್ರೀತಿ ಅವನಿಗೆ ಇದೆ.

'ಪೂಜಿತಾಳಿಗೆ ಸುಗುಣ ಬರೆಯುವುದು. ನಿನ್ನ ಕಿವಿ ಸರಿಯಾಗಿದೆ. ಅಜ್ಜಿ ಹೋದ ದಿನ ಬೆಳಿಗ್ಗೆ ನೀನು ಮಾಡಿದ ಫೋನು ನಾನೇ ಎತ್ತಿದೆ. ನೀನು ಹೇಳಿದ್ದು ಕೇಳಿತು. ಹ್ಞಾಂ ಅಂದವಳು ನಾನು. ತೊಟ್ಟಿಲ ಶಾಸ್ತ್ರ ನಿಲ್ಲುತ್ತದೆ ಎಂದು ಮುಚ್ಚಿಟ್ಟೆ, ಆಮೇಲೆ ಹೆದರಿ ಎಲ್ಲರ ಹತ್ತಿರ ಸುಳ್ಳು ಹೇಳಿದೆ. ನೀನು ಕಾಣಿಕೆ ಹಾಕಬೇಡ. ತಪ್ಪು ನನ್ನದು, ನಾನು ಬಂದು ಹಾಕುತ್ತೇನೆ. ಈ ಕಾಗದ ನಿನ್ನ ಕೈಯಲ್ಲಿರಲಿ. ಯಾರಿಗೆ ತೋರಿಸಬೇಕೋ ತೋರಿಸು.'

ಕೆಳಗೆ ಹೆಸರು ಬರೆದಳು. ಕ್ಷಮಿಸು ಎಂದು ಬರೆಯಬೇಕೇ ಎಂದು ನೋಡಿದಳು. ಅದಕ್ಕೊಂದು ಒತ್ತಕ್ಷರ ಬೇಕಿತ್ತು, ಅದು ಬರುತ್ತಿತ್ತು. ಆದರೆ ಹುಡುಗಿಯ ಕೈಗೆ ಇನ್ನೊಂದು ಕೆಲಸ ಹಚ್ಚಿದ ಹಾಗಾಗುತ್ತದೆ ಎನಿಸಿತು. ಬಿಟ್ಟಳು.

ದೀಕ್ಷಿತಾ ಮಾತು ಮುಗಿಸಿ ಹೊರಗೆ ಬಂದಾಗ ಸುಗುಣ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ಹ್ವಾಯ್, ಎಲ್ಲಿಗ್ ಹೊರ್ಟ್ರಿ ಇಷ್ಟ್ ಗಮ್ಮತ್ತಂಗೆ?"

"ಪೋಸ್ಟಾಫೀಸಿಗೆ ಹೋಯ್ ಬತ್ತೆ. ಮಗು ಎದ್ರೆ ಗಂಜಿ ಮಾಡಿಟ್ಟಿದೆ."

"ಒಬ್ರೇಯಾ? ಕೊಡಿ, ಸಂಜಿಗ್ ಇವ್ರ್ ಹಾಕ್ತ್ರ್."

"ಬ್ಯಾಡ. ನಾನೇ ಹಾಕ್ಬೇಕ್," ಎಂದಳು ಸುಗುಣ. ಚಪ್ಪಲಿಗೆ ಕಾಲು ತೂರಿಸಿ ಮತ್ತೆ ನಿಂತಳು. "ದೀಕ್ಷಿತಾ, ಬಂದ್ ಮೇಲೆ ನಿಮ್ಗೂ ಒಂದ್ ವಿಷ್ಯ ಹೇಳುಕಿತ್ತ್. ತೊಟ್ಲ್ ಹಾಕಿದ್ ದಿನದ್ದ್. ಕೇಂಡ್ ಮೇಲೆ ನನ್ನ ಇಟ್ಕಂಬುದೋ ಕಳ್ಸುದೋ ನೀವೇ ಹೇಳಿ."

ದೀಕ್ಷಿತಾಳ ನಗು ಅರ್ಧಕ್ಕೆ ನಿಂತಿತು. "ಎಂತ ಸುಗುಣಕ್ಕ, ಹೆದ್ರಿಸ್ತಿದ್ರಿ?" ಎಂದಳು. ಲಿಫ್ಟು ಬಂದಿತ್ತು.

ಅಂಚೆ ಕಚೇರಿ ಎರಡು ದೊಡ್ಡ ರಸ್ತೆಗಳ ಆಚೆ. ಕಾರಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಳು, ನಡೆದು ಹೋದದ್ದಿಲ್ಲ. ಮೊದಲ ರಸ್ತೆಯಲ್ಲಿ ಸಿಗ್ನಲ್ಲಿನಲ್ಲಿ ಹಸಿರು ಬೊಂಬೆ ಮೂಡುವವರೆಗೆ ಕಾದಳು, ಎರಡನೆಯದರಲ್ಲಿ ಬೇರೆಯವರ ಹಿಂದೆ ನಡೆದಳು. ಒಳಗೆ ತಣ್ಣಗಿತ್ತು. ಕಿಂಡಿಯಾಚೆ ಬಿಳಿ ನಿಲುವಂಗಿಯ ತರುಣನೊಬ್ಬ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಂಗ್ಲಿಷಿನಲ್ಲಿ ವಿಳಾಸ ಬೇಕು ಎಂದು ಹಿಂದಿಯಲ್ಲಿ ಹೇಳಿದ. ಅವಳ ಮುಖ ನೋಡಿ ಹಿಂದಿದ್ದ ನರ್ಸು ಉಡುಪಿನ ಮಲಯಾಳಿ ಹುಡುಗಿ ಪೆನ್ನು ತೆಗೆದಳು. ಸುಗುಣ ಹೇಳುತ್ತ ಹೋದಳು, ಹೆಸರು, ಮನೆ, ಕೋಡಿ, ಕುಂದಾಪುರ. ಹೆಸರು ಹೇಳುವಾಗ ಎರಡು ಸಲ ಹೇಳಿದಳು, ತಪ್ಪಾಗಬಾರದೆಂದು. ರಿಜಿಸ್ಟರ್ ಮಾಡುವುದೇ ಎಂದು ಅವನು ಕೇಳಿದ. ಹೌದು ಎಂದಳು. ಕಳಿಸುವವರು ಯಾರು ಎಂದ.

"ಸುಗುಣ," ಎಂದಳು. ದನಿ ಸಣ್ಣದಾಯಿತೆಂದು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು.

ಎಷ್ಟು ದಿನ ಎಂದು ಕೇಳಿದಾಗ ಹತ್ತು, ಹದಿನೈದು ಎಂದು ಬೆರಳು ತೋರಿಸಿದ. ಅಷ್ಟು ದಿನ ಇತ್ತು. ಅವನು ಎರಡು ಸಲ ಮುದ್ರೆ ಒತ್ತಿ, ಅವಳ ಕಡೆ ನೋಡದೆ ಲಕೋಟೆಯನ್ನು ಪಕ್ಕದ ತಟ್ಟೆಗೆ ಹಾಕಿದ. ಪೂಜಿತಾ ಎಂಬ ಹೆಸರು ಮೇಲ್ಮುಖವಾಗಿ ಬಿತ್ತು. ಎದೆ ಹಗುರಾದೀತೆಂದು ಸುಗುಣ ಒಂದು ಗಳಿಗೆ ಅಲ್ಲೇ ನಿಂತಳು. ಹಗುರಾಗಲಿಲ್ಲ. ನರ್ಸು ಹುಡುಗಿ ಅವಳ ಪಕ್ಕದಿಂದ ಕೈ ಚಾಚಿ ತನ್ನ ಲಕೋಟೆ ಕೊಟ್ಟಳು, ಅದು ಹೋಗಿ ಪೂಜಿತಾಳ ಹೆಸರಿನ ಮೇಲೆ ಬಿತ್ತು.